ಕವಡೆ ದಾಳಗಳ ಗಣಿತ

ದ್ಯೂತವನ್ನು ನಮ್ಮ ಹಿರಿಯರು ಸಪ್ತವ್ಯಸನಗಳಲ್ಲಿ ಒಂದನ್ನಾಗಿ ಎಣಿಸಿರುವರು. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಅಕ್ಷಸೂಕ್ತವು ದಾಳದ ಮೋಹಕ್ಕೆ ಸಿಕ್ಕಿ ಹೆಂಡತಿಯ ಆದರವನ್ನೂ ಮನೆಯ ನೆಮ್ಮದಿಯನ್ನೂ ಕಳೆದುಕೊಂಡವನೊಬ್ಬನ ಅಳಲನ್ನು ಹೇಳಿ, ಕಡೆಗೆ ಅವನಿಗೆ ಬೇಸಾಯದ ದಾರಿಯನ್ನು ತೋರಿಸುತ್ತದೆ. ಧರ್ಮರಾಯನ ಕಥೆಯನ್ನಂತೂ ಕನ್ನಡಿಗರ ಮಕ್ಕಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಪಣವಿಲ್ಲದೆ ವಿನೋದಕ್ಕಾಗಿ ಆಡುವ ಪಗಡೆ, ಚೌಕಾಬಾರಗಳು ನಮ್ಮ ಗೃಹಸ್ಥಜೀವನದಲ್ಲಿ ಬಹುಕಾಲದಿಂದ ನೆಲೆಗೊಂಡಿವೆ. ಪಾರ್ವತೀಪರಮೇಶ್ವರರೇ ಪಗಡೆಯಾಡಿದರೆಂದು ಪುರಾಣಗಳು ವರ್ಣಿಸುವುವು. ಶಿವರಾತ್ರಿಯ ಜಾಗರಣೆಗೆ ಪಗಡೆಯ ಹಾಸನ್ನು ಬಿಚ್ಚುವ ವಾಡಿಕೆಯೂ ಉಂಟು. ನೆತ್ತ, ಲೆತ್ತ, ಹಾಸಂಗಿ ಎಂದು ನಮ್ಮ ಹಿಂದಿನ ಕವಿಗಳು ಬಳಸಿದ ಮಾತುಗಳೆಲ್ಲ ಈ ಆಟಕ್ಕೇ ಸೇರಿದವು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ಬಲು ದೀರ್ಘವಾದುದು. ಹೊಲದಲ್ಲಿ ಕೆಲಸವಿಲ್ಲದ ಆ ಹೊತ್ತಿನಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೀಟೆಳೆದು, ನಾಲ್ಕು ಕವಡೆಗಳನ್ನೋ ಹುಣಿಸೆಯ ಬೀಜಗಳನ್ನೋ ಹಿಡಿದು, ಅಜ್ಜಿಯರೂ ಸೊಸೆಯರೂ ಮೊಮ್ಮಕ್ಕಳೂ ಚೌಕಾಬಾರಕ್ಕೆ ಕುಳಿತುಕೊಳ್ಳುವುದನ್ನು ನಾವೆಲ್ಲ ಕಂಡಿರುವೆವು. ಆಟದ ನಡುವೆ ಬರುವ ಮಾತುಗಳೂ ನಮಗೆ ಪರಿಚಿತವಾದುವೇ. “ಇವಳ ಕೈಗುಣ ಒಳ್ಳೆಯದು” ಎಂದು ಒಬ್ಬರು. “ಇಷ್ಟು ಹೊತ್ತು ಬಾರ ಬೀಳಲಿಲ್ಲ, ಇನ್ನು ಬಿದ್ದೇ ತೀರಬೇಕು” ಎಂದು ಮತ್ತೊಬ್ಬರು. “ಬೀಳುವುದು ಐದೇ ಬಗೆ, ಯಾವುದು ಬಿದ್ದರೂ ಬೀಳಬಹುದು” ಎಂದು ಮಗದೊಬ್ಬರು. ಈ ಮೂರು ಮಾತುಗಳಲ್ಲಿ ಸತ್ಯವೆಷ್ಟು ಎಂಬುದನ್ನು ಗಣಿತದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಬೇಕಾದ ಗಣಿತವು ಕೂಡುವುದು, ಗುಣಿಸುವುದು, ಭಾಗಿಸುವುದು, ಇಷ್ಟೇ. ಇದರ ಫಲವಾದರೋ ಜಗಲಿಯಲ್ಲಿಯೇ ನಿಲ್ಲದೆ ಮನೆಯ ಹಣಕಾಸಿನವರೆಗೂ ಹೋಗುವುದೆಂಬುದನ್ನು ಮುಂದೆ ಕಾಣಿಸುವೆವು.

ಹದಿನಾರು ರೂಪಗಳು

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು ೨೫ ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿಗೀಟು. ಆಡುವವರಿಗೆ ನಾಲ್ಕು ನಾಲ್ಕು ಕಾಯಿಗಳು. ಕಾಯಿಯು ತನ್ನ ಮನೆಯಿಂದ ಹೊರಟು ಹೊರಸುತ್ತನ್ನು ಮುಗಿಸಿ, ಒಳಸುತ್ತನ್ನು ಹೊಕ್ಕು, ನಡುಮನೆಯನ್ನು ಸೇರಿದರೆ ‘ಹಣ್ಣಾಯಿತು’ ಎನ್ನುವರು. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಅಂಗಾತ ಬಿದ್ದಿವೆಯೋ ಅಷ್ಟು ಹೆಜ್ಜೆ. ನಾಲ್ಕೂ ಅಂಗಾತವಾದರೆ ನಾಲ್ಕು, ಅದೇ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಎಸೆತ.

ಬೀಳುವ ಬೆಲೆಗಳು ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಐದೇ ಆದರೂ, ಐದಕ್ಕೂ ಸಂಭವ ಸಮವೆಂದು ತಿಳಿಯುವುದು ತಪ್ಪು. ಅದೆಂತೆಂದರೆ, ನಾಲ್ಕು ಕವಡೆಗಳಿಗೆ ನಾಲ್ಕು ಬಣ್ಣಗಳನ್ನು ಬಳಿದು ಎಸೆದೆವೆಂದು ಭಾವಿಸೋಣ. ಮೊದಲನೆಯ ಕವಡೆಯು ಎರಡು ಬಗೆಯಾಗಿ ಬೀಳಬಹುದು. ಅವುಗಳಲ್ಲಿ ಒಂದೊಂದಕ್ಕೂ ಎರಡನೆಯ ಕವಡೆ ಎರಡು ಬಗೆ. ಹೀಗೆ ಎರಡನ್ನು ನಾಲ್ಕು ಸಲ ಗುಣಿಸಿದರೆ ೧೬ ರೂಪಗಳಾಗುವುವು. ಕವಡೆಯು ಎರಡು ಕಡೆಗೂ ಸಮವಾಗಿ ಬೀಳುವುದಾದರೆ ಈ ೧೬ ರೂಪಗಳೇ ಒಂದಕ್ಕೊಂದು ಸಮ; ಬೆಲೆಗಳಲ್ಲ.

ಛಂದಸ್ಸನ್ನು ಓದಿದವರಿಗೆ ಇದು ಒಡನೆಯೇ ಹೊಳೆಯಬೇಕು. ಅಂಗಾತವನ್ನು ಗುರುವೆಂದೂ ಬೋರಲನ್ನು ಲಘುವೆಂದೂ ಎಣಿಸಿದರೆ, ನಾಲ್ಕು ಕವಡೆಗಳ ಎಸೆತವು ನಾಲ್ಕು ಅಕ್ಷರಗಳ ಪಾದವೇ ಆಯಿತು. ನಾಲ್ಕಕ್ಷರದ ಪಾದಕ್ಕೆ ಪ್ರಸ್ತಾರ ಹಾಕಿದರೆ ೧೬ ವೃತ್ತಗಳು ದೊರೆಯುವುವೆಂದು ಪಿಂಗಲನ ಛಂದಶ್ಶಾಸ್ತ್ರವನ್ನು ಅನುಸರಿಸುವವರೆಲ್ಲರೂ ಬಲ್ಲರು. ಅವುಗಳಲ್ಲಿ ಒಂದು ಗುರುವುಳ್ಳವು ಎಷ್ಟು, ಎರಡು ಗುರುವುಳ್ಳವು ಎಷ್ಟು ಎಂಬುದನ್ನು ಪ್ರಸ್ತಾರವನ್ನೆಲ್ಲ ಬರೆಯದೆಯೇ ತಿಳಿಯುವ ಉಪಾಯಕ್ಕೆ ಲಗಕ್ರಿಯೆಯೆಂದು ಹೆಸರು. ಹತ್ತನೆಯ ಶತಮಾನದ ವ್ಯಾಖ್ಯಾನಕಾರ ಹಲಾಯುಧನು ಇದನ್ನು ಮೇರುಪ್ರಸ್ತಾರವೆಂಬ ಚಿತ್ರದಿಂದ ವಿವರಿಸಿರುವನು. ಶಿಖರದಲ್ಲಿ ಒಂದು ಮನೆ. ಅದರಲ್ಲಿ ಒಂದು ಎಂಬ ಅಂಕಿ. ಅದರ ಕೆಳಗೆ ಎರಡು ಮನೆ, ಅದರ ಕೆಳಗೆ ಮೂರು. ಅಂಚಿನ ಮನೆಗಳಲ್ಲೆಲ್ಲ ಒಂದೇ. ಒಳಗಿನ ಮನೆಯಲ್ಲಿ ಅದರ ತಲೆಯ ಮೇಲಿರುವ ಎರಡು ಮನೆಗಳ ಮೊತ್ತ. ಹೀಗೆ ಇಳಿಯುತ್ತ ಬಂದರೆ ಐದನೆಯ ಸಾಲಿನಲ್ಲಿ ದೊರೆಯುವುದು:

೧, ೪, ೬, ೪, ೧.

ಇದನ್ನೇ ಕವಡೆಗೆ ಅನ್ವಯಿಸಿದರೆ, ೧೬ ರೂಪಗಳಲ್ಲಿ

ಬಾರ (ಎಂಟು): ೧
ಒಂದು: ೪
ಎರಡು: ೬
ಮೂರು: ೪
ಚೌಕ (ನಾಲ್ಕು): ೧

ಎಂದಾಗುವುದು. ಯೂರೋಪಿನಲ್ಲಿ ಈ ಚಿತ್ರಕ್ಕೆ ಹದಿನೇಳನೆಯ ಶತಮಾನದ ಪಾಸ್ಕಲನ ಹೆಸರನ್ನು ಇಟ್ಟಿರುವರು. ನಮ್ಮ ನಾಡಿನಲ್ಲಿಯೇ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಸಾಮಾನ್ಯವಾದ ಸೂತ್ರವನ್ನು ಕೊಟ್ಟಿರುವನು. ಮೇಲೆ ಇಳಿಯುವ ಅಂಕಿಗಳನ್ನೂ ಕೆಳಗೆ ಏರುವ ಅಂಕಿಗಳನ್ನೂ ಇಟ್ಟು ಗುಣಿಸಿ ಭಾಗಿಸುವುದೇ ಆ ಕ್ರಮ. ನಾಲ್ಕನ್ನು ಒಂದರಿಂದ ಭಾಗಿಸಿದರೆ ೪. ನಾಲ್ಕು ಮೂರಲ ಹನ್ನೆರಡನ್ನು ಒಂದೆರಡಲ ಎರಡರಿಂದ ಭಾಗಿಸಿದರೆ ೬. ಹೀಗೆಯೇ ಮುಂದೆ. ಆರು ರಸಗಳನ್ನು ಬೆರೆಸಿ ಎಷ್ಟು ಬಗೆಯ ವ್ಯಂಜನಗಳನ್ನು ಮಾಡಬಹುದೆಂದು ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಲೀಲಾವತಿಯಲ್ಲಿ ಕೇಳುವ ಪ್ರಶ್ನೆಯೂ ಇದೇ ಜಾತಿಯದು. ಅದರ ಉತ್ತರ ೬೩. ಅಡಿಗೆಯ ಮನೆಗೂ ಪಗಡೆಯ ಹಾಸಿಗೂ ಛಂದಸ್ಸಿಗೂ ಒಂದೇ ಲೆಕ್ಕವು ಸಲ್ಲುವುದೆಂಬುದು ಸಂತೋಷದ ಸಂಗತಿಯಲ್ಲವೇ?

ಆಟದಲ್ಲಿ ಇದರ ಪ್ರಯೋಜನ

ಈ ಅಂಕಿಗಳನ್ನು ನೆನಪಿನಲ್ಲಿಟ್ಟವರು ಕಾಯಿ ನಡೆಸುವ ರೀತಿಯೇ ಬೇರೆಯಾಗುವುದು. ನಮ್ಮ ಕಾಯಿಯ ಹಿಂದೆ ಎದುರಾಳಿಯ ಕಾಯಿಯಿದೆ. ನಾವು ಎಷ್ಟು ಮನೆ ಮುಂದೆ ನಿಂತರೆ ಕ್ಷೇಮ? ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಹದಿನಾರರಲ್ಲಿ ಆರು ಪಾಲು ಹೊಡೆಸಿಕೊಳ್ಳುವೆವು. ಒಂದು ಅಥವಾ ಮೂರು ಮನೆಯ ಅಂತರದಲ್ಲಿ ಹದಿನಾರರಲ್ಲಿ ನಾಲ್ಕು ಪಾಲು. ನಾಲ್ಕು ಮನೆಯ ಅಂತರದಲ್ಲಿ ಒಂದೇ ಪಾಲು. ಐದು ಮನೆಯ ಅಂತರವಾದರೆ ಒಂದೆಸೆತದಲ್ಲಿ ಹೊಡೆಯಲಾಗದು. ಮೊದಲು ಚೌಕವೂ ಆಮೇಲೆ ಒಂದೂ ಬೀಳಬೇಕು. ಹದಿನಾರರಲ್ಲಿ ಒಂದನ್ನು ಹದಿನಾರರಲ್ಲಿ ನಾಲ್ಕರಿಂದ ಗುಣಿಸಿದರೆ ೬೪ರಲ್ಲಿ ಒಂದು. ಆದಕಾರಣ ಓಡಲು ಆಗದಿದ್ದಾಗ ಎರಡು ಮನೆಯ ಅಂತರವನ್ನಾದರೂ ತಪ್ಪಿಸಬೇಕು. ಅನುಭವಶಾಲಿಗಳಾದ ಅಜ್ಜಿಯರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು. ಮೊಮ್ಮಗಳು ಎರಡು ಮನೆ ಮುಂದೆ ಕಾಯಿಯಿಟ್ಟರೆ “ಅಲ್ಲಿಡಬೇಡವೇ ತಾಯೀ” ಎಂದು ಎಚ್ಚರಿಸುವರು.

ಒಂದೆಸೆತದ ಸರಾಸರಿಯನ್ನೂ ನೋಡೋಣ. ೧೬ ರೂಪಗಳ ಹೆಜ್ಜೆಗಳನ್ನೆಲ್ಲ ಕೂಡಿದರೆ ೮, ೪, ೧೨, ೧೨, ೪ ಸೇರಿ ೪೦. ಹದಿನಾರರಿಂದ ಭಾಗಿಸಿದರೆ ಎರಡೂವರೆ. ಎಂಟರಲ್ಲೊಂದು ಪಾಲು ಮತ್ತೊಂದು ಎಸೆತವೂ, ಅದರಲ್ಲಿಯೂ ಎಂಟರಲ್ಲೊಂದು ಪಾಲು ಮತ್ತೂ ಒಂದು ಎಸೆತವೂ ದೊರೆಯುವುದರಿಂದ, ಒಂದು ಸರದಿಗೆ ಏಳರಿಂದ ಭಾಗಿಸಿದ ಇಪ್ಪತ್ತು, ಅಂದರೆ ಮೂರಕ್ಕೆ ತುಸು ಕಡಮೆ, ಹೆಜ್ಜೆಗಳಾಗುವುವು. ಒಂದು ಕಾಯಿ ಹಣ್ಣಾಗಲು ೨೪ ಹೆಜ್ಜೆ, ನಾಲ್ಕಕ್ಕೂ ೯೬. ಹೊಡೆಸಿಕೊಳ್ಳದೆ, ಒಂದು ಹೆಜ್ಜೆಯೂ ವ್ಯರ್ಥವಾಗದೆ ನಡೆದರೂ ಸರಾಸರಿ ಮೂವತ್ತನಾಲ್ಕು ಸರದಿಗಳಾದರೂ ಬೇಕು. ಮಧ್ಯಾಹ್ನ ಕುಳಿತ ಆಟ ದೀಪ ಹಚ್ಚುವ ಹೊತ್ತಾದರೂ ಏಳದಿರುವುದರ ಕಾರಣ ಇದೇ.

ಕವಡೆಯು ಪ್ರಾಮಾಣಿಕವೇ?

ಇದುವರೆಗೆ ಕವಡೆಯು ಎರಡು ಕಡೆಗೂ ಸಮವಾಗಿ ಬೀಳುವುದೆಂದು ಇಟ್ಟುಕೊಂಡೆವು. ಆದರೆ ಕವಡೆಯ ಬೆನ್ನು ಗುಂಡಗೂ ಬಾಯಿ ಚಪ್ಪಟೆಯಾಗಿಯೂ ಇರುವುದು. ನಮ್ಮ ಬಯಲುಸೀಮೆಯಲ್ಲಿ ಹುಣಿಸೆಮರಕ್ಕೆ ಬರವಿಲ್ಲ. ಆದುದರಿಂದ ಹುಣಿಸೆಯ ಬೀಜವನ್ನು ಒರಟುಕಲ್ಲಿಗೆ ಒಂದು ಕಡೆ ಉಜ್ಜಿ ಬಿಳುಪು ತೆಗೆದು ಕವಡೆಯ ಬದಲಿಗೆ ಉಪಯೋಗಿಸುವುದೇ ಹೆಚ್ಚು. ಆ ಬೀಜವನ್ನು ಎಷ್ಟು ಉಜ್ಜಿದೆವೆಂಬುದರ ಮೇಲೆ ಅದು ಬೀಳುವ ರೀತಿಯೂ ಬದಲಾಗುವುದು. ಹೀಗಿರಲು ‘ಸಮ’ವೆಂಬ ಊಹೆ ಎಲ್ಲಿಯವರೆಗೆ ನಿಲ್ಲುವುದು?

ಇದಕ್ಕೆ ಪರೀಕ್ಷೆಯೊಂದೇ ದಾರಿ. ನಾಲ್ಕು ಬೀಜಗಳನ್ನು ನೂರು ಸಲ ಎಸೆದು, ಪ್ರತಿಸಲವೂ ಎಷ್ಟು ಬಿಳಿಯ ಮುಖಗಳು ಮೇಲಾದುವೆಂದು ಬರೆದುಕೊಳ್ಳಬೇಕು. ನಾನೂರು ಬೀಳುವಿಕೆಗಳಲ್ಲಿ ಬಿಳಿಯ ಮುಖವು ೧೮೦ಕ್ಕೂ ೨೨೦ಕ್ಕೂ ನಡುವೆ ಬಂದರೆ ಬೀಜವನ್ನು ಶಂಕಿಸಲು ಕಾರಣವಿಲ್ಲ. ಸಮವಾದ ಬೀಜವೂ ಅಷ್ಟುಮಟ್ಟಿಗೆ ಓಲಾಡುವುದು ಸಹಜ. ಅದಕ್ಕೆ ಹೊರಗಾದರೆ ಬೀಜವು ಒಂದು ಕಡೆಗೆ ವಾಲಿದೆಯೆಂದು ಬಲವಾಗಿ ಶಂಕಿಸಬಹುದು. ಉದಾಹರಣೆಗೆ ೧೬೦ ಮಾತ್ರವೇ ಬಂದಿತೆನ್ನೋಣ. ಆಗ ಬಿಳಿಯ ಮುಖಕ್ಕೆ ಐದರಲ್ಲಿ ಎರಡು ಪಾಲು, ಕರಿಯ ಮುಖಕ್ಕೆ ಐದರಲ್ಲಿ ಮೂರು ಪಾಲು. ಒಟ್ಟು ೬೨೫ ಪಾಲುಗಳಲ್ಲಿ ಬಾರಕ್ಕೆ ೮೧, ಒಂದಕ್ಕೆ ೨೧೬, ಎರಡಕ್ಕೆ ೨೧೬, ಮೂರಕ್ಕೆ ೯೬, ಚೌಕಕ್ಕೆ ೧೬. ಸಮಬೀಜದಲ್ಲಿ ಚೌಕಕ್ಕೂ ಬಾರಕ್ಕೂ ಸಂಭವ ಒಂದೇ ಆಗಿದ್ದಿತು. ಇಲ್ಲಿ ಬಾರವು ಚೌಕದ ಐದರಷ್ಟಾಯಿತು. ಬೀಜವು ವಾಲಿದುದು ಸ್ವಲ್ಪವೇ, ಫಲದಲ್ಲಿ ಬಂದ ಅಂತರ ಬಹಳ. ಬೇರೆ ಬೀಜಗಳಿಂದ ಆಡಿ ರೂಢಿಯಾದವರಿಗೆ ಈ ಮನೆಯ ಬೀಜಗಳಲ್ಲಿ ‘ಕೈಗುಣ’ವೆಂದು ತೋರುವುದೂ ಅನೇಕ ವೇಳೆ ಇದೇ ಆಗಿರಬಹುದು. ಆದರೆ ಎಲ್ಲರೂ ಅದೇ ಬೀಜಗಳನ್ನು ಎಸೆಯುವಾಗ ಈ ಲಾಭವು ಎಲ್ಲರಿಗೂ ಸಮ; ಅನ್ಯಾಯವೇನೂ ಇಲ್ಲ. ತನ್ನ ಸರದಿಗೆ ಮಾತ್ರ ಬೇರೆ ಬೀಜಗಳನ್ನು ತೆಗೆಯುವವನಿದ್ದರೆ ಅವನನ್ನು ಶಕುನಿಯ ವಂಶದವನೆಂದು ತಿಳಿಯತಕ್ಕದ್ದು.

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಇಲ್ಲಿ ಸ್ಮರಿಸುವುದು ಉಚಿತ. ಬಾಹುಕನ ವೇಷದಲ್ಲಿದ್ದ ನಳನು ಅಯೋಧ್ಯೆಯ ಅರಸು ಋತುಪರ್ಣನ ರಥವನ್ನು ನಡೆಸುತ್ತಿರುವಾಗ, ಋತುಪರ್ಣನು ದಾರಿಯ ವಿಭೀತಕ ವೃಕ್ಷವೊಂದನ್ನು ನೋಡಿ ಅದರ ಕೊಂಬೆಗಳ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳುವನು. ನಳನು ಸುಮ್ಮನೆ ನಂಬಲಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡಿದನು, ಸಂಖ್ಯೆ ಸರಿಯಾಗಿದ್ದಿತು. ಆಮೇಲೆಯೇ ಅವನು ತನ್ನ ಅಶ್ವಹೃದಯವನ್ನು ಕೊಟ್ಟು ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದುಕೊಂಡನು. ವಿಭೀತಕವೆಂದರೆ ನಮ್ಮ ತಾರೆಯ ಮರ. ತ್ರಿಫಲೆಯಲ್ಲಿ ಸೇರುವ ತಾರೆಕಾಯಿಯೇ ವೈದಿಕಕಾಲದ ಜನರಿಗೆ ದಾಳವಾಗಿದ್ದಿತು. ದಾಳದ ಹೃದಯವನ್ನು ಬಲ್ಲವನು ಎಣಿಕೆಯನ್ನು ಬಲ್ಲವನಾಗಿರುವನೆಂದು ಕಥೆಯೇ ಹೇಳುತ್ತಿದೆ. ಅದರಲ್ಲಿಯೂ ಹೇಳಿದ ಸಂಖ್ಯೆಯನ್ನು ಎಣಿಸಿ ನೋಡಿಯೇ ಒಪ್ಪಿದ ನಳನ ನಡತೆಯು ವಿದ್ಯಾರ್ಥಿಗಳಿಗೆಲ್ಲ ಮೇಲ್ಪಂಕ್ತಿಯಾಗಬೇಕು.

ಪಗಡೆಯ ಜೋಡಿದಾಳ

ಪಗಡೆಯಲ್ಲಿ ಉಪಯೋಗಿಸುವುದು ಉದ್ದನೆಯ ನಾಲ್ಕು ಮುಖಗಳ ಜೋಡಿದಾಳ. ಮುಖಗಳಲ್ಲಿ ೧, ೩, ೪, ೬ ಎಂದು ಚುಕ್ಕೆಗಳಿರುವ ದಾಳಗಳುಂಟು. ೧, ೨, ೫, ೬ ಎಂದಿರುವುವೂ ಉಂಟು. ಎರಡರಲ್ಲಿಯೂ ಎದುರುಬದುರಿನ ಮುಖಗಳ ಮೊತ್ತ ಏಳು ಆಗುವಂತೆ ಮಾಡುವುದು ರೂಢಿ. ಮೊದಲನೆಯ ಜಾತಿಯನ್ನು ತೆಗೆದುಕೊಂಡರೆ ನಾಲ್ಕು ನಾಲ್ಕಲ ೧೬ ರೂಪಗಳು. ಮೊತ್ತ ಏಳಾಗುವುದು ನಾಲ್ಕು ರೂಪಗಳಲ್ಲಿ. ನಾಲ್ಕು, ಐದು, ಒಂಬತ್ತು, ಹತ್ತು ಇವು ಎರಡೆರಡು ರೂಪಗಳಲ್ಲಿ. ಎರಡು, ಆರು, ಎಂಟು, ಹನ್ನೆರಡು ಇವು ಒಂದೊಂದೇ ರೂಪದಲ್ಲಿ. ಮೂರೂ ಹನ್ನೊಂದೂ ಎಷ್ಟು ಎಸೆದರೂ ಬೀಳವು. ಆರು ಮುಖಗಳ ಘನದಾಳಗಳೆರಡನ್ನು ಎಸೆದಾಗ ಏಳು ಬೀಳುವುದು ಆರರಲ್ಲಿ ಒಂದು ಪಾಲು. ಪಗಡೆಯ ದಾಳದಲ್ಲಿಯೋ ನಾಲ್ಕರಲ್ಲಿ ಒಂದು. ಎದುರಾಳಿಯಿಂದ ಏಳು ಮನೆ ಮುಂದೆ ಕಾಯಿಯನ್ನು ನಿಲ್ಲಿಸುವವನು ತಾನಾಗಿಯೇ ತಲೆಯೊಡ್ಡಿದಂತೆ.

ರೂಪಗಳನ್ನು ಬಿಟ್ಟು ಬೆಲೆಗಳನ್ನೇ ಎಣಿಸುವ ತಪ್ಪನ್ನು ಯೂರೋಪಿನ ಜೂಜುಗಾರರೂ ಮಾಡಿದರು. ಮೂರು ಘನದಾಳಗಳನ್ನು ಎಸೆದಾಗ ಒಂಬತ್ತೂ ಆರು ವಿಧವಾಗಿ ಬರುವುದು, ಹತ್ತೂ ಆರು ವಿಧವಾಗಿ ಬರುವುದು. ಹಾಗಿದ್ದರೂ ಹತ್ತು ಹೆಚ್ಚಾಗಿ ಬೀಳುವುದೇಕೆ ಎಂಬ ಪ್ರಶ್ನೆ ಗೆಲಿಲಿಯೋವಿನವರೆಗೆ ಹೋಯಿತು. ಅವನ ಉತ್ತರ ನಮ್ಮ ಪ್ರಸ್ತಾರದ ಉತ್ತರವೇ. ಮೂರು, ಮೂರು, ಮೂರು ಎಂಬುದು ಒಂದೇ ರೂಪದಲ್ಲಿ ಬರುವುದು. ಎರಡು, ಮೂರು, ಐದು ಎಂಬುದಾದರೆ ದಾಳಗಳು ಸ್ಥಾನ ಬದಲಾಯಿಸಿ ಆರು ರೂಪಗಳಲ್ಲಿ ಬರುವುದು. ಹೀಗೆ ಎಣಿಸಿದರೆ ಒಟ್ಟು ೨೧೬ ರೂಪಗಳಲ್ಲಿ ಒಂಬತ್ತಕ್ಕೆ ೨೫, ಹತ್ತಕ್ಕೆ ೨೭. ಮುಂದೆ ೧೬೫೪ರಲ್ಲಿ ಪಾಸ್ಕಲ್, ಫರ್ಮಾ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರು ಜೂಜಿನ ಪ್ರಶ್ನೆಗಳನ್ನು ಕುರಿತು ಬರೆದುಕೊಂಡ ಪತ್ರಗಳಿಂದ ಸಂಭವಶಾಸ್ತ್ರವು ಬೆಳೆಯತೊಡಗಿತು. ಇಂದು ಜೀವವಿಮೆಯ ಕಂತಿಗೂ ಹೊಸ ಔಷಧದ ಪರೀಕ್ಷೆಗೂ ಆಧಾರವಾಗಿರುವುದು ಅದೇ ಶಾಸ್ತ್ರ.

ಇಂದಿನ ಹುಡುಗರ ದಾಳಗಳು

ಪಟ್ಟಣಗಳಲ್ಲಿ ಓದುವ ನಮ್ಮ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಈಗ ವಿಚಿತ್ರಾಕಾರದ ದಾಳಗಳನ್ನು ತಂದು ಮೇಜಿನ ಸುತ್ತ ಕುಳಿತು ಆಡುವರು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಿಂದ ಈ ಜಾತಿಯು ಹಬ್ಬಿತು. ಇದನ್ನು ನಮ್ಮ ಬಯಲಾಟಕ್ಕೆ ಹೋಲಿಸಿದರೆ ಬೇಗ ತಿಳಿಯುವುದು. ಒಬ್ಬನು ಭಾಗವತರಂತೆ ಕಥೆಯನ್ನು ನಡೆಸುವನು. ಉಳಿದವರು ವೀರನೋ ಮಾಂತ್ರಿಕನೋ ಕಳ್ಳನೋ ಆಗಿ ಒಂದೊಂದು ಪಾತ್ರವನ್ನು ವಹಿಸುವರು. ವೇಷವಿಲ್ಲ, ರಂಗಸ್ಥಳವಿಲ್ಲ, ಎಲ್ಲವೂ ಮಾತಿನಲ್ಲಿಯೇ. ಬಾಗಿಲನ್ನು ಮುರಿಯುವೆನೆಂದು ವೀರನು ಹೇಳಿದರೆ, ಮುರಿಯಿತೇ ಇಲ್ಲವೇ ಎಂಬುದನ್ನು ದಾಳವು ತೀರ್ಮಾನಿಸುವುದು. ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು ಬಳಕೆಯಲ್ಲಿವೆ.

ಇಲ್ಲಿಯೂ ನಮ್ಮ ಲೆಕ್ಕವೇ. ಇಪ್ಪತ್ತು ಮುಖಗಳ ಒಂದು ದಾಳದಲ್ಲಿ ಪ್ರತಿಯೊಂದು ಅಂಕಿಗೂ ಸಂಭವ ಸಮ. ಹದಿನೈದು ಅಥವಾ ಅದಕ್ಕೆ ಮೇಲ್ಪಟ್ಟು ಬೀಳಬೇಕೆಂದರೆ ಇಪ್ಪತ್ತರಲ್ಲಿ ಆರು ಪಾಲು, ಅಂದರೆ ನೂರಕ್ಕೆ ಮೂವತ್ತು. ಕೆಲವು ಸಂದರ್ಭಗಳಲ್ಲಿ ಎರಡು ದಾಳಗಳನ್ನೆಸೆದು ಹೆಚ್ಚಿನದನ್ನು ತೆಗೆದುಕೊಳ್ಳುವ ಸವಲತ್ತುಂಟು. ಆಗ ಸಂಭವವು ಇಮ್ಮಡಿಯಾಗಿ ಅರವತ್ತಾಗುವುದೆಂದು ಹುಡುಗರು ಹೇಳಬಹುದು, ಆದರೆ ಹಾಗಲ್ಲ. ಸೋಲಬೇಕಾದರೆ ಎರಡೂ ದಾಳಗಳು ಹದಿನಾಲ್ಕರೊಳಗೆ ಬೀಳಬೇಕು. ೧೪ನ್ನು ೧೪ರಿಂದ ಗುಣಿಸಿದರೆ ೧೯೬. ಒಟ್ಟು ರೂಪಗಳು ೪೦೦. ಗೆಲ್ಲುವ ರೂಪಗಳು ೨೦೪. ಆದ್ದರಿಂದ ನೂರಕ್ಕೆ ಐವತ್ತೊಂದು. ಪಾತ್ರದ ಬಲವನ್ನು ಮೂರು ಘನದಾಳಗಳ ಮೊತ್ತದಿಂದ ನಿಶ್ಚಯಿಸಿದರೆ ಹದಿನೆಂಟು ಬರುವುದು ೨೧೬ರಲ್ಲಿ ಒಂದೇ ರೂಪ. ನಾಲ್ಕು ದಾಳಗಳನ್ನೆಸೆದು ಕಡಮೆಯದನ್ನು ಬಿಟ್ಟರೆ ೧೨೯೬ರಲ್ಲಿ ೨೧, ಸುಮಾರು ಅರವತ್ತೆರಡರಲ್ಲಿ ಒಂದು. ‘ಗೆಲ್ಲುವುದನ್ನು ಎಣಿಸುವುದು ಕಷ್ಟವಾದರೆ ಸೋಲುವುದನ್ನು ಎಣಿಸಿ ಕಳೆ’ ಎಂಬ ಈ ಉಪಾಯವನ್ನು ಒಮ್ಮೆ ಕಲಿತ ಹುಡುಗನಿಗೆ ಮುಂದೆ ಅನೇಕ ಕಡೆ ಅದು ನೆರವಾಗುವುದು.

ದಾಳಕ್ಕೆ ನೆನಪಿಲ್ಲ

ಇನ್ನು ಉಳಿದುದು “ಇಷ್ಟು ಹೊತ್ತು ಬೀಳಲಿಲ್ಲ, ಇನ್ನು ಬಿದ್ದೇ ತೀರಬೇಕು” ಎಂಬ ಮಾತು. ಮನೆಗಳನ್ನು ಕೆಡಿಸುವ ಮಾತು ಇದೇ. ಆದಕಾರಣ ಇದನ್ನು ಕಡೆಗೆ ಇಟ್ಟುಕೊಂಡೆವು.

ಚೌಕವೋ ಬಾರವೋ ಬೀಳುವುದು ಎಂಟರಲ್ಲಿ ಒಂದು ಪಾಲೆಂದು ಕಂಡೆವು. ಹಾಗಾದರೆ ಎಂಟು ಎಸೆತಗಳೊಳಗೆ ಒಂದಾದರೂ ಬೀಳಲೇಬೇಕೇ? ಬೀಳದಿರುವ ಸಂಭವವನ್ನು ಎಣಿಸೋಣ. ಪ್ರತಿ ಎಸೆತದಲ್ಲಿಯೂ ಎಂಟರಲ್ಲಿ ಏಳು. ಅದನ್ನು ಎಂಟು ಸಲ ಗುಣಿಸಿದರೆ ನೂರಕ್ಕೆ ಮೂವತ್ತನಾಲ್ಕು. ಅಂದರೆ ಮೂರು ಸಲಕ್ಕೆ ಒಂದು ಸಲ ಎಂಟು ಎಸೆತಗಳೂ ಬರಿದೇ ಹೋಗುವುವು. ಹಾಗೆ ಬರಿದಾದ ಮೇಲೆ ಒಂಬತ್ತನೆಯ ಎಸೆತದಲ್ಲಿ ಸಂಭವವು ಹೆಚ್ಚಿತೇ? ಇಲ್ಲ, ಅದೇ ಎಂಟರಲ್ಲಿ ಒಂದು. ಹಿಂದಿನ ಎಸೆತಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ಬೀಜಕ್ಕೆ ಮನಸ್ಸೆಲ್ಲಿಯದು?

ಸಂತೆ ಜಾತ್ರೆಗಳಲ್ಲಿ ಆರು ಚಿತ್ರಗಳ ಹಾಸನ್ನು ಹಾಸಿ, ಅವೇ ಚಿತ್ರಗಳುಳ್ಳ ಮೂರು ದಾಳಗಳನ್ನು ಉರುಳಿಸಿ ಹಣ ಕಟ್ಟಿಸುವವರನ್ನು ವಾಚಕರು ನೋಡಿರಬಹುದು. ಒಂದು ಚಿತ್ರಕ್ಕೆ ಒಂದು ರೂಪಾಯಿ ಕಟ್ಟಿದರೆ, ಅದು ಒಂದು ದಾಳದಲ್ಲಿ ಬಂದಾಗ ಒಂದು, ಎರಡರಲ್ಲಿ ಬಂದಾಗ ಎರಡು, ಮೂರರಲ್ಲಿಯೂ ಬಂದಾಗ ಮೂರು ರೂಪಾಯಿ ಲಾಭವೆಂದು ಇಟ್ಟುಕೊಳ್ಳೋಣ. ಆರು ಚಿತ್ರ, ಮೂರು ದಾಳ. ಅರ್ಧಕ್ಕರ್ಧ ಗೆಲುವೆಂದು ತೋರುವುದು. ಪ್ರಸ್ತಾರ ಹಾಕಿ ನೋಡಿ. ೨೧೬ ರೂಪಗಳಲ್ಲಿ ನಮ್ಮ ಚಿತ್ರ ಬಾರದಿರುವುದು ೧೨೫. ಒಮ್ಮೆ ಬರುವುದು ೭೫. ಎರಡು ಸಲ ೧೫. ಮೂರು ಸಲ ೧. ಲಾಭ ೭೫, ೩೦, ೩ ಸೇರಿ ೧೦೮ ರೂಪಾಯಿ. ನಷ್ಟ ೧೨೫ ರೂಪಾಯಿ. ದಾಳವು ಪೂರ್ಣ ಪ್ರಾಮಾಣಿಕವಾಗಿದ್ದರೂ ೨೧೬ ಸಲಕ್ಕೆ ೧೭ ರೂಪಾಯಿ ಕಟ್ಟಿಸುವವನ ಗಂಟು ಸೇರುವುದು. ಸೋತವನು “ಈ ಸಲ ಬಂದೇ ಬರುವುದು” ಎಂದು ಪಣವನ್ನು ಇಮ್ಮಡಿಸುತ್ತ ಹೋದರೆ ಆ ಗಂಟು ಬೇಗ ತುಂಬುವುದಷ್ಟೆ. ಮೊಬೈಲಿನಲ್ಲಿ ಹಣವೊಡ್ಡಿ ಆಡುವ ಆಟಗಳಲ್ಲಿ ಎಷ್ಟೋ ಯುವಕರು ಹಾಳಾದ ಮೇಲೆ, ೨೦೨೫ರಲ್ಲಿ ಭಾರತದ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಕಾನೂನು ಹೊರಗಿನ ಬೇಲಿ. ಲೆಕ್ಕವನ್ನು ಬಲ್ಲ ಬುದ್ಧಿಯು ಒಳಗಿನ ಕಾವಲು.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಜೂಜೊಂದುಂಟು. ಅದನ್ನಾಡುವವರು ಜೂಜುಗಾರರಲ್ಲ, ಮರ್ಯಾದಸ್ಥ ರೈತರು. ಅಡಿಕೆ ತೆಂಗಿನ ತೋಟವು ಒಣಗುತ್ತಿರುವಾಗ ಕೊಳವೆಬಾವಿಯನ್ನು ಕೊರೆಸುವುದೇ ಆ ಜೂಜು. ಮೂರು ಕೊರೆಸಿ ನೀರು ಕಾಣದವನು “ಮೂರು ಹೋಯಿತು, ನಾಲ್ಕನೆಯದರಲ್ಲಿ ಗಂಗಮ್ಮ ಬಂದೇ ಬರುವಳು” ಎಂದು ಒಡವೆಯನ್ನು ಅಡವಿಟ್ಟು ಮತ್ತೆ ಯಂತ್ರವನ್ನು ಕರೆಸುವನು. ಒಂದು ಊರಿನಲ್ಲಿ ಮೂರಕ್ಕೊಂದು ಬಾವಿಯಲ್ಲಿ ನೀರು ಬೀಳುವುದೆಂದು ಊಹಿಸೋಣ. ಆಗ ಮೂರೂ ಬರಿದಾಗುವ ಸಂಭವವು ಮೂರರಲ್ಲಿ ಎರಡನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ೨೭ರಲ್ಲಿ ೮. ಮೂರು ಮೂರು ಬಾವಿಗಳನ್ನು ಕೊರೆಸಿದ ಹತ್ತು ಮನೆಗಳಲ್ಲಿ ಸ್ಥೂಲವಾಗಿ ಮೂರು ಮನೆಗಳಿಗೆ ಏನೂ ದೊರೆಯದು. ಅದು ಅವರ ಪಾಪದ ಫಲವೂ ಅಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಆದರೆ ನಾಲ್ಕನೆಯ ಬಾವಿಯ ಸಂಭವವು ಸೋಲಿನಿಂದ ಹೆಚ್ಚುವುದಿಲ್ಲ. ಅಷ್ಟೇ ಅಲ್ಲ, ಇಲ್ಲಿ ಹುಣಿಸೆಬೀಜಕ್ಕೂ ನೆಲಕ್ಕೂ ಭೇದವುಂಟು. ಬೀಜದ ಸೋಲು ಏನನ್ನೂ ಕಲಿಸದು. ನೆಲದ ಸೋಲು ಕಲಿಸುವುದು. ಅದೇ ಹೊಲದಲ್ಲಿ ಮೂರು ಕಡೆ ಬಂಡೆಯೇ ಸಿಕ್ಕಿತೆಂದರೆ ಆ ಹೊಲದ ಕೆಳಗೆ ನೀರಿನ ಸಂಭವ ಮೂರರಲ್ಲಿ ಒಂದಕ್ಕಿಂತ ಕಡಮೆಯೆಂದೇ ತಿಳಿಯಬೇಕು. ಆದುದರಿಂದ ಎಷ್ಟು ಬಾವಿಗೆ ಎಷ್ಟು ಹಣವೆಂಬುದನ್ನು ಮೊದಲ ಬಾವಿಗೆ ಮುಂಚೆಯೇ ಮನೆಯವರೆಲ್ಲ ಕುಳಿತು ನಿಶ್ಚಯಿಸಿ, ಆ ಗೀಟನ್ನು ದಾಟದಿರುವುದು ವಿವೇಕ.

ಇದಕ್ಕೆ ಎದುರಾದ ತಪ್ಪೂ ಒಂದುಂಟು. ಬಹುಕಾಲ ಆಗದುದು ಇನ್ನು ಆಗುವುದೇ ಇಲ್ಲವೆಂದು ನಂಬುವುದೇ ಅದು. ವೇದಾವತಿಗೆ ಅಡ್ಡಲಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಆ ಬಳಿಕ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. ಮಾರಿಕಣಿವೆಯ ಕೋಡಿಯೆಂದರೆ ಅಜ್ಜಂದಿರ ಕಥೆಯೆಂದೇ ಜನ ಭಾವಿಸಿದ್ದರು. ೨೦೨೨ರಲ್ಲಿ ಕೋಡಿ ಬಿದ್ದಿತು. ೨೦೨೫ರ ಜನವರಿಯಲ್ಲಿ ಮತ್ತೆ ಬಿದ್ದಿತು. ಇಷ್ಟು ಬೇಗ ಮರಳಿ ಬಂದುದನ್ನು ಕಂಡು ದಾಳದ ಲೆಕ್ಕವೇ ಸುಳ್ಳೆನ್ನಬಾರದು. ಒಳ್ಳೆಯ ಮಳೆಯ ಜೊತೆಗೆ, ಭದ್ರೆಯ ನೀರನ್ನು ಎತ್ತಿ ಈ ಜಲಾಶಯಕ್ಕೆ ಹರಿಸುವ ಏರ್ಪಾಡೂ ಈ ನಡುವೆ ಬಂದಿತು. ಎಸೆಯುತ್ತಿರುವ ದಾಳವೇ ಬದಲಾಯಿತು. ಹಳೆಯ ಎಸೆತಗಳಿಂದ ಹೊಸದನ್ನು ಊಹಿಸುವ ಮುನ್ನ ದಾಳವು ಅದೇ ಹೌದೇ ಎಂದು ನೋಡಿಕೊಳ್ಳಬೇಕೆಂಬುದು ಇದರಿಂದ ದೊರೆಯುವ ಪಾಠ.

ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಈ ಬೇಸಗೆಯ ರಜೆಯಲ್ಲಿ ಮಕ್ಕಳು ಚೌಕಾಬಾರಕ್ಕೆ ಕುಳಿತಾಗ ಅವರ ಕೈಗೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಡಿರಿ. ನೂರು ಎಸೆತಗಳನ್ನು ಬರೆದಿಡಲಿ. ಮೇರುಪ್ರಸ್ತಾರವನ್ನು ಹಾಕಿ ಹೋಲಿಸಲಿ. ಬೀಜವು ವಾಲಿದೆಯೇ ಎಂದು ಅವರೇ ತೀರ್ಪು ಕೊಡಲಿ. ಎಣಿಕೆಯಲ್ಲಿ ನುರಿತ ಮಗುವು ದೊಡ್ಡವನಾದ ಮೇಲೆ “ಇನ್ನು ಬಿದ್ದೇ ಬೀಳುವುದು” ಎಂಬ ಮಾತಿಗೆ ಮನೆಯನ್ನು ಒತ್ತೆಯಿಡಲಾರನು. ನಳನು ರಾಜ್ಯವನ್ನು ಕಳೆದುಕೊಂಡ ಮೇಲೆ ಕಲಿತ ಅಕ್ಷಹೃದಯವನ್ನು ನಮ್ಮ ಮಕ್ಕಳು ಏನನ್ನೂ ಕಳೆದುಕೊಳ್ಳದೆ, ಜಗಲಿಯ ಮೇಲೆಯೇ, ನಾಲ್ಕು ಹುಣಿಸೆಬೀಜಗಳಿಂದ ಕಲಿಯಬಹುದು.